ಯಾವ ಬಾಗಿಲಿನಿಂದ ಒಳಗೆ ಬಂದೆವು

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಮ್ಮವರು ಸೇರಿದಾಗ, ಊಟ ಮುಗಿದು ಕಾಫಿ ಕುಡಿಯುವ ಹೊತ್ತಿಗೆ, ಈ ಮಾತು ಆಗಾಗ ಬರುತ್ತದೆ. "ನಾವು ಎರಡು ಸೂಟ್‌ಕೇಸ್ ಹಿಡ್ಕೊಂಡು ಬಂದವರು. ದುಡಿದ್ವಿ, ಮನೆ ತಗೊಂಡ್ವಿ, ಮಕ್ಕಳನ್ನ ಓದಿಸಿದ್ವಿ. ಈ ಮೆಕ್ಸಿಕನ್ನರು ನಮಗಿಂತ ಎಷ್ಟೋ ಮೊದಲಿಂದ ಇಲ್ಲೇ ಇದ್ದಾರಲ್ಲ ರೀ, ಅವರ್ಯಾಕೆ ಮೇಲೆ ಬರಲಿಲ್ಲ?" ಹೇಳುವವರು ಒಳ್ಳೆಯವರೇ. ಮನೆ ಕ್ಲೀನ್ ಮಾಡಲು ಬರುವ ಹೆಂಗಸಿಗೆ ಹಬ್ಬದ ದಿನ ಸಿಹಿ ಕಟ್ಟಿ ಕೊಡುವವರೇ. ಆದರೂ ಆ ಪ್ರಶ್ನೆಯೊಳಗೆ ಉತ್ತರ ಆಗಲೇ ಕೂತಿರುತ್ತದೆ: ನಾವು ಕಷ್ಟಪಟ್ಟೆವು, ಅವರು ಪಡಲಿಲ್ಲ. ಈ ಉತ್ತರ ಸುಳ್ಳು. ಯಾಕೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಲೆಕ್ಕ ನೋಡೋಣ. ಅಮೆರಿಕದ ಸೆನ್ಸಸ್ ಬ್ಯೂರೋ ಪ್ರಕಾರ 2023ರಲ್ಲಿ ಹಿಸ್ಪ್ಯಾನಿಕ್ ಮನೆಗಳ, ಅಂದರೆ ಮೆಕ್ಸಿಕೋ, ಕ್ಯೂಬಾದಂಥ ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದವರ ಮನೆಗಳ, ಮಧ್ಯಮ ಆದಾಯ ವರ್ಷಕ್ಕೆ ಸುಮಾರು 65,500 ಡಾಲರ್. ಅಂದರೆ ಅರ್ಧ ಮನೆಗಳ ಆದಾಯ ಇದಕ್ಕಿಂತ ಜಾಸ್ತಿ, ಅರ್ಧದ್ದು ಕಡಿಮೆ. ಬಿಳಿಯರಲ್ಲಿ ಇದು 89,000, ಏಷ್ಯನ್ನರಲ್ಲಿ 1,12,800, ಕಪ್ಪು ಅಮೆರಿಕನ್ನರಲ್ಲಿ 56,500. ಬಡತನದ ರೇಖೆಗಿಂತ ಕೆಳಗಿರುವವರು ಹಿಸ್ಪ್ಯಾನಿಕ್ ಜನರಲ್ಲಿ ಶೇ. 16.6, ಕಪ್ಪು ಜನರಲ್ಲಿ ಶೇ. 17.9, ಬಿಳಿಯರಲ್ಲಿ ಶೇ. 7.7. ಇಲ್ಲಿನ ಮೂಲನಿವಾಸಿಗಳಲ್ಲಿ ಶೇ. 21ಕ್ಕೂ ಮೇಲೆ. ಆದಾಯ ಬಿಟ್ಟು ಆಸ್ತಿ ನೋಡಿದರೆ ಅಂತರ ಇನ್ನೂ ದೊಡ್ಡದು. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ 2022ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ಸಾಲ ಕಳೆದು ಉಳಿದ ಮಧ್ಯಮ ಆಸ್ತಿ ಬಿಳಿಯರ ಮನೆಗಳಲ್ಲಿ 2,85,000 ಡಾಲರ್, ಹಿಸ್ಪ್ಯಾನಿಕ್ ಮನೆಗಳಲ್ಲಿ 62,000ದ ಹತ್ತಿರ, ಕಪ್ಪು ಜನರ ಮನೆಗಳಲ್ಲಿ 45,000ದ ಹತ್ತಿರ.

ಈ ಅಂಕಿಗಳು ಒಂದು ವಿಷಯವನ್ನು ಮುಚ್ಚಿಡುತ್ತವೆ. ವಾರದ ಸಂಬಳ ಮಾತ್ರ ನೋಡಿದರೆ, ಪೂರ್ತಿ ಹೊತ್ತು ದುಡಿಯುವ ಹಿಸ್ಪ್ಯಾನಿಕ್ ಕೆಲಸಗಾರರ ಸಂಬಳ ಈ ನಾಲ್ಕು ಗುಂಪುಗಳಲ್ಲಿ ಎಲ್ಲರಿಗಿಂತ ಕಡಿಮೆ, ಕಪ್ಪು ಜನರಿಗಿಂತಲೂ ಕಡಿಮೆ. ಹಾಗಿದ್ದರೂ ಮನೆಯ ಒಟ್ಟು ಆದಾಯ ಕಪ್ಪು ಜನರಿಗಿಂತ ಮೇಲಿದೆ. ಹೇಗೆ? ಒಂದು ಮನೆಯಲ್ಲಿ ದುಡಿಯುವ ಕೈಗಳು ಜಾಸ್ತಿ. ಅಪ್ಪ ಕಟ್ಟಡದ ಕೆಲಸಕ್ಕೆ, ಅಮ್ಮ ಹೋಟೆಲ್ ರೂಮ್ ಕ್ಲೀನ್ ಮಾಡಲು, ಚಿಕ್ಕಪ್ಪ ತೋಟದ ಕೆಲಸಕ್ಕೆ, ಹೈಸ್ಕೂಲ್ ಓದುವ ಮಗ ಸಂಜೆ ಅಂಗಡಿಗೆ. ದುಡಿಯುವ ವಯಸ್ಸಿನವರಲ್ಲಿ ಕೆಲಸದಲ್ಲಿರುವವರು, ಕೆಲಸ ಹುಡುಕುತ್ತಿರುವವರು ಎಷ್ಟು ಅಂತ ಸರ್ಕಾರ ಲೆಕ್ಕ ಇಡುತ್ತದೆ. 2022ರಲ್ಲಿ ದೇಶದ ಸರಾಸರಿ ಶೇ. 62. ಹಿಸ್ಪ್ಯಾನಿಕ್ ಜನರಲ್ಲಿ ಶೇ. 66. ಸೋಮಾರಿಗಳು ಅನ್ನುವವರು ಈ ಒಂದು ಅಂಕಿಯನ್ನು ನೋಡಿದರೆ ಸಾಕು. ಕಷ್ಟಪಡುವುದೇ ಮೇಲೆ ಬರುವ ದಾರಿ ಆಗಿದ್ದರೆ ಈ ಪಟ್ಟಿಯಲ್ಲಿ ಅವರೇ ಮೊದಲು ಇರಬೇಕಿತ್ತು ಅಲ್ವಾ?

ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಹಿಸ್ಪ್ಯಾನಿಕ್ ಜನರ ಮಧ್ಯಮ ವಯಸ್ಸು 30ರ ಆಸುಪಾಸು, ಬಿಳಿಯರದ್ದು ಅದಕ್ಕಿಂತ ಹತ್ತು ವರ್ಷಕ್ಕೂ ಜಾಸ್ತಿ. ಆಸ್ತಿ ಅನ್ನುವುದು ವಯಸ್ಸಿನ ಜೊತೆ ಬೆಳೆಯುವ ವಸ್ತು. ಆದರೆ ಇಷ್ಟು ದೊಡ್ಡ ಅಂತರವನ್ನು ವಯಸ್ಸೊಂದೇ ವಿವರಿಸಲಾರದು.

ಇನ್ನು, ಹಿಸ್ಪ್ಯಾನಿಕ್ ಅಂದರೆ ಯಾರು? ನಮ್ಮವರು ಎಲ್ಲರನ್ನೂ ಸೇರಿಸಿ ಮೆಕ್ಸಿಕನ್ನರು ಅನ್ನುತ್ತಾರೆ. 2020ರ ಜನಗಣತಿಯಲ್ಲಿ ಇವರ ಸಂಖ್ಯೆ 6.2 ಕೋಟಿ, ದೇಶದ ಐವರಲ್ಲಿ ಒಬ್ಬರ ಹತ್ತಿರ. ಅದರಲ್ಲಿ ಮೆಕ್ಸಿಕೋ ಮೂಲದವರು ಶೇ. 60ರಷ್ಟು. ಉಳಿದವರು ಪೋರ್ಟೊರಿಕೊ, ಕ್ಯೂಬಾ, ಎಲ್ ಸಾಲ್ವಡಾರ್, ಡೊಮಿನಿಕನ್ ರಿಪಬ್ಲಿಕ್, ಗ್ವಾಟೆಮಾಲಾ, ಕೊಲಂಬಿಯಾ, ವೆನೆಜುವೆಲಾ ಹೀಗೆ ಹತ್ತಾರು ಕಡೆಯವರು. ಮೂವರಲ್ಲಿ ಇಬ್ಬರು ಅಮೆರಿಕದಲ್ಲೇ ಹುಟ್ಟಿದವರು. ಐವರಲ್ಲಿ ನಾಲ್ವರು ಅಮೆರಿಕದ ಪೌರರು. ಕೆಲವು ಕುಟುಂಬಗಳಂತೂ ಎಲ್ಲಿಂದಲೂ ಬಂದವರೇ ಅಲ್ಲ. 1848ರಲ್ಲಿ ಅಮೆರಿಕದ ಎದುರು ಯುದ್ಧ ಸೋತ ಮೆಕ್ಸಿಕೋ ಗ್ವಾಡಲೂಪೆ ಹಿಡಾಲ್ಗೋ ಒಪ್ಪಂದಕ್ಕೆ ಸಹಿ ಹಾಕಿ ತನ್ನ ಅರ್ಧದಷ್ಟು ನೆಲ ಕಳೆದುಕೊಂಡಿತು. ಅಲ್ಲಿ ಮೊದಲೇ ಬದುಕುತ್ತಿದ್ದ ಜನ ಮನೆ ಬಿಟ್ಟು ಕದಲದೆಯೇ ಅಮೆರಿಕದವರಾದರು. ನಾನು ವಾಸ ಮಾಡುವ ಸ್ಯಾನ್ ಹೋಸೆ ಸುತ್ತಲಿನ ಜಾಗವೂ ಆ ನೆಲದ್ದೇ. ಒಪ್ಪಂದದಲ್ಲಿ ಅವರ ಭೂಮಿಗೆ ರಕ್ಷಣೆಯ ಮಾತು ಇತ್ತು. ಕ್ಯಾಲಿಫೋರ್ನಿಯಾದಲ್ಲಿ 1851ರ ಕಾನೂನು ಬಂದ ಮೇಲೆ ಪ್ರತಿಯೊಬ್ಬರೂ ತಮ್ಮ ಜಮೀನು ತಮ್ಮದೇ ಅಂತ ಸಾಬೀತು ಮಾಡಬೇಕಾಯಿತು. ಕೇಸುಗಳು ವರ್ಷಗಟ್ಟಲೆ ನಡೆದವು. ವಕೀಲರ ಫೀಸು ಕಟ್ಟಲು ಎಷ್ಟೋ ಜನ ಅದೇ ಜಮೀನು ಮಾರಿದರು.

ಒಂದೇ ಹೆಸರಿನೊಳಗೆ ಎಷ್ಟು ವ್ಯತ್ಯಾಸ ಇದೆ ಅಂತ ತಿಳಿಯಲು ಕ್ಯೂಬಾ ಮತ್ತು ಎಲ್ ಸಾಲ್ವಡಾರ್ ಎರಡನ್ನು ಪಕ್ಕ ಪಕ್ಕ ಇಟ್ಟು ನೋಡಬೇಕು. ನನಗೆ ಇಡೀ ವಿಷಯ ಅರ್ಥವಾದದ್ದು ಇಲ್ಲಿಯೇ.

1959ರಲ್ಲಿ ಕ್ಯೂಬಾದಲ್ಲಿ ಕ್ರಾಂತಿ ಆಯಿತು. ಮೊದಲು ಓಡಿ ಬಂದವರಲ್ಲಿ ಡಾಕ್ಟರು, ವಕೀಲರು, ವ್ಯಾಪಾರಸ್ಥರು ಜಾಸ್ತಿ. ಅಮೆರಿಕ ಅವರನ್ನು ಕೈ ಚಾಚಿ ಕರೆದುಕೊಂಡಿತು. ಕಮ್ಯುನಿಸಂ ಬಿಟ್ಟು ಬಂದವರು ಅನ್ನುವುದೇ ಅವರ ಅರ್ಹತೆ. 1961ರಲ್ಲಿ ಕೆನಡಿ ಸರ್ಕಾರ ಅವರಿಗೆಂದೇ ಒಂದು ಯೋಜನೆ ತೆರೆಯಿತು: ತಿಂಗಳಿಗೆ ಇಷ್ಟು ಹಣ, ಆರೋಗ್ಯ ಸೇವೆ, ಓದಲು ಸಾಲ, ಕೆಲಸದ ತರಬೇತಿ. ಕ್ಯೂಬಾದ ಡಾಕ್ಟರುಗಳು ಇಲ್ಲಿ ಮತ್ತೆ ಡಾಕ್ಟರುಗಳಾಗಲು ಮಯಾಮಿಯಲ್ಲಿ ಕೋರ್ಸು ನಡೆಸಿದರು. 1966ರಲ್ಲಿ ಇನ್ನೊಂದು ಕಾನೂನು ಬಂತು. ಕ್ಯೂಬಾದಿಂದ ಬಂದು ಸ್ವಲ್ಪ ಕಾಲ ಇಲ್ಲಿದ್ದರೆ ಗ್ರೀನ್ ಕಾರ್ಡ್ ಕೇಳಬಹುದು. ಮಯಾಮಿಯಲ್ಲಿ ಅವರ ಬ್ಯಾಂಕುಗಳು, ಅಂಗಡಿಗಳು, ರಾಜಕಾರಣಿಗಳು ಎಲ್ಲ ಹುಟ್ಟಿಕೊಂಡರು.

ಎಲ್ ಸಾಲ್ವಡಾರ್‌ನಲ್ಲಿ 1980ರಿಂದ 1992ರವರೆಗೆ ಅಂತರ್ಯುದ್ಧ. ಸುಮಾರು 75,000 ಜನ ಸತ್ತರು. ಹಳ್ಳಿಗೆ ಹಳ್ಳಿಯೇ ಓಡಿ ಬಂತು. ಆದರೆ ಅಲ್ಲಿ ಕೊಲ್ಲುತ್ತಿದ್ದ ಸೈನ್ಯಕ್ಕೆ ಹಣ, ಆಯುಧ ಕೊಡುತ್ತಿದ್ದದ್ದು ಅಮೆರಿಕವೇ. ಹಾಗಾಗಿ ಅಲ್ಲಿಂದ ಬಂದವರು ಪ್ರಾಣಭಯದಿಂದ ಬಂದವರು ಅಂತ ಒಪ್ಪಿಕೊಳ್ಳುವುದು ಸರ್ಕಾರಕ್ಕೆ ಬೇಕಿರಲಿಲ್ಲ. 1984ರಲ್ಲಿ ಆಶ್ರಯ ಕೇಳಿದ ಸಾಲ್ವಡಾರ್‌ನವರಲ್ಲಿ ಶೇ. 3ರಷ್ಟು ಜನರಿಗೂ ಸಿಗಲಿಲ್ಲ. 1991ರಲ್ಲಿ ಚರ್ಚುಗಳು ಹಾಕಿದ ಕೇಸಿನಲ್ಲಿ ಸರ್ಕಾರ ರಾಜಿಗೆ ಬಂದು, ಹಳೆಯ ಅರ್ಜಿಗಳನ್ನು ಮತ್ತೆ ನೋಡಲು ಒಪ್ಪಿತು. 2001ರಲ್ಲಿ ಅಲ್ಲಿ ಭೂಕಂಪ ಆದ ಮೇಲೆ ತಾತ್ಕಾಲಿಕ ರಕ್ಷಣೆ ಕೊಟ್ಟರು. ಆ "ತಾತ್ಕಾಲಿಕ" ಈಗ ಇಪ್ಪತ್ತು ವರ್ಷ ದಾಟಿದೆ. ಒಂದೂವರೆ ವರ್ಷಕ್ಕೊಮ್ಮೆ ಅವಧಿ ಮುಂದುವರಿಯುತ್ತದೋ ಇಲ್ಲವೋ ಅಂತ ಕಾಯುವ ಮನುಷ್ಯನಿಗೆ ಮನೆ ಸಾಲ ಯಾರು ಕೊಡುತ್ತಾರೆ? ಅಂಗಡಿ ಹಾಕಲು ಅವನಿಗಾದರೂ ಧೈರ್ಯ ಎಲ್ಲಿಂದ ಬರಬೇಕು?

ಇಬ್ಬರದ್ದೂ ಸ್ಪ್ಯಾನಿಷ್, ಇಬ್ಬರದ್ದೂ ಅದೇ ಚರ್ಚು. ಇಲ್ಲಿಗೆ ತಂದ ಓದು ಬೇರೆ ಇತ್ತು, ಇಲ್ಲಿರಲು ಕೈಗೆ ಸಿಕ್ಕ ಪರವಾನಗಿಯ ಕಾಗದ ಬೇರೆ ಇತ್ತು. ಇವತ್ತಿಗೂ ಹಾಗೆಯೇ. ವೆನೆಜುವೆಲಾದಿಂದ ಬಂದ ವಯಸ್ಕರಲ್ಲಿ ಅರ್ಧದ ಆಸುಪಾಸು ಜನ ಪದವೀಧರರು. ಗ್ವಾಟೆಮಾಲಾದವರಲ್ಲಿ ಹತ್ತಕ್ಕೆ ಒಬ್ಬರ ಲೆಕ್ಕ.

ಕಾಗದ ಇದ್ದರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. ಅಮೆರಿಕದ ಅಧೀನದಲ್ಲಿರುವ ಪೋರ್ಟೊರಿಕೊ ದ್ವೀಪದವರು 1917ರಿಂದ ಅಮೆರಿಕದ ಪೌರರು. ಆದರೂ ದ್ವೀಪದಲ್ಲಿರುವವರು ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ಬಡ ಅಂಗವಿಕಲರಿಗೆ, ವೃದ್ಧರಿಗೆ ಕೇಂದ್ರ ಸರ್ಕಾರ ಕೊಡುವ ಮಾಸಾಶನ ಅಲ್ಲಿ ವಾಸಿಸುವವರಿಗೆ ಕೊಡದಿದ್ದರೂ ಪರವಾಗಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2017ರ ಮರಿಯಾ ಚಂಡಮಾರುತದಲ್ಲಿ ಸತ್ತವರ ಅಧಿಕೃತ ಅಂದಾಜು 2,975. ತಿಂಗಳುಗಟ್ಟಲೆ ಕರೆಂಟಿಲ್ಲದೆ ಕೂತಿದ್ದ ಆ ಜನ ಅಮೆರಿಕದವರೇ ಅನ್ನುವುದು ಇಲ್ಲಿನ ಎಷ್ಟೋ ಮಂದಿಗೆ ಗೊತ್ತಿರಲಿಲ್ಲ.

ಈಗ ನಮ್ಮ ವಿಷಯ. ಭಾರತೀಯ ಮೂಲದ ಮನೆಗಳ ಮಧ್ಯಮ ಆದಾಯ 2019ರಲ್ಲೇ 1,19,000 ಡಾಲರ್ ಇತ್ತು. 25 ವರ್ಷ ದಾಟಿದ ನಮ್ಮವರಲ್ಲಿ ನಾಲ್ವರಲ್ಲಿ ಮೂವರು ಪದವೀಧರರು. ಹಿಸ್ಪ್ಯಾನಿಕ್ ಜನರಲ್ಲಿ ಐವರಲ್ಲಿ ಒಬ್ಬರು. ಆದರೆ ನಾವು ಭಾರತದ ಮಾದರಿ ಅಲ್ಲ, ಆರಿಸಿ ತೆಗೆದವರು. 1965ರ ಕಾನೂನು ಓದಿದವರಿಗೆ, ಕಸುಬು ಗೊತ್ತಿದ್ದವರಿಗೆ ಬಾಗಿಲು ತೆರೆಯಿತು. 1990ರಲ್ಲಿ ಎಚ್-1ಬಿ ವೀಸಾ ಬಂತು. ಅದಕ್ಕೆ ಡಿಗ್ರಿ ಅಥವಾ ಅದಕ್ಕೆ ಸಮನಾದ ಅರ್ಹತೆ ಬೇಕು. ನನ್ನ ಡಿಗ್ರಿಯ ಬಹುಪಾಲು ಖರ್ಚನ್ನು ಕರ್ನಾಟಕದ ತೆರಿಗೆದಾರರು ಕೊಟ್ಟಿದ್ದಾರೆ. ಮನೆಯಲ್ಲಿ ಅಜ್ಜನ ಕಾಲದಿಂದ ಓದು ಇತ್ತು. ಸಿಇಟಿಗೆ ಕೂರುವಾಗ ನನ್ನ ಪಕ್ಕದಲ್ಲಿ ಇರಬಹುದಾಗಿದ್ದ ಎಷ್ಟೋ ಮಕ್ಕಳು ಏಳನೇ ಕ್ಲಾಸಿಗೇ ಹೊಲಕ್ಕೆ ಹೋಗಿದ್ದರು. ಆ ಜರಡಿಯಲ್ಲಿ ಉಳಿದವರನ್ನು ಇನ್ನೊಂದು ದೇಶ ಮತ್ತೆ ಜರಡಿ ಹಿಡಿದು ಒಳಗೆ ಬಿಟ್ಟುಕೊಂಡಿತು. ಹೀಗೆ ಬಂದವರನ್ನು ಬರಿಗೈಯಲ್ಲಿ ನದಿ ದಾಟಿ ಬಂದ ರೈತನ ಜೊತೆ ಹೋಲಿಸಿ ನಮ್ಮ ಸಂಸ್ಕೃತಿ ದೊಡ್ಡದು ಅನ್ನುವುದು ನನಗೆ ನೋವು ಕೊಡುತ್ತದೆ.

ಬಾಗಿಲು ಮುಚ್ಚಿದ್ದ ಕಾಲದಲ್ಲಿ ನಮ್ಮವರ ಸ್ಥಿತಿಯೂ ಬೇರೆಯೇ ಇತ್ತು. ದಲೀಪ್ ಸಿಂಗ್ ಸೌಂದ್ ಪಂಜಾಬಿನಿಂದ ಬಂದು ಬರ್ಕ್‌ಲಿಯಲ್ಲಿ ಗಣಿತ ಓದಿ 1924ರಲ್ಲಿ ಪಿಎಚ್‌ಡಿ ಪಡೆದರು. ಅದರ ಹಿಂದಿನ ವರ್ಷವಷ್ಟೇ ಸುಪ್ರೀಂ ಕೋರ್ಟ್ ಭಾರತೀಯರು ಇಲ್ಲಿನ ಪೌರರಾಗುವಂತಿಲ್ಲ ಅಂತ ತೀರ್ಪು ಕೊಟ್ಟಿತ್ತು. ಗಣಿತದ ಡಾಕ್ಟರೇಟ್ ಇಟ್ಟುಕೊಂಡು ಅವರು ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ವ್ಯವಸಾಯ ಮಾಡಿದರು. 1946ರಲ್ಲಿ ಕಾನೂನು ಬದಲಾಯಿತು, 1949ರಲ್ಲಿ ಅವರು ಪೌರರಾದರು, 1956ರಲ್ಲಿ ಅದೇ ಸೀಮೆಯಿಂದ ಕಾಂಗ್ರೆಸ್‌ಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಆರಿಸಿ ಹೋದರು. ಅಲ್ಲಿಗೆ ಹೋದ ಮೊದಲ ಏಷ್ಯನ್ ಅಮೆರಿಕನ್ ಅವರೇ. ಮನುಷ್ಯ ಅದೇ, ಬುದ್ಧಿ ಅದೇ, ಶ್ರಮ ಅದೇ. ಕಾನೂನು ಬದಲಾಗಲು ಮಾತ್ರ ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ಅದೇ ಇಂಪೀರಿಯಲ್ ಕಣಿವೆಯಲ್ಲಿ ಆ ಕಾಲದ ಪಂಜಾಬಿ ರೈತರು ಊರಿನಿಂದ ಹೆಂಡತಿಯನ್ನು ಕರೆತರುವಂತಿರಲಿಲ್ಲ, ಬಿಳಿ ಹೆಂಗಸರನ್ನು ಮದುವೆಯಾಗುವಂತಿರಲಿಲ್ಲ. ನೂರಾರು ಮಂದಿ ಜೊತೆಯಲ್ಲಿ ಹತ್ತಿ ಬಿಡಿಸುತ್ತಿದ್ದ ಮೆಕ್ಸಿಕನ್ ಮನೆತನದ ಹೆಣ್ಣುಮಕ್ಕಳನ್ನು ಮದುವೆಯಾದರು. ಕ್ಯಾಲಿಫೋರ್ನಿಯಾದ 1913ರ ಕಾನೂನಿನಿಂದಾಗಿ ಅವರ ಹೆಸರಿಗೆ ಜಮೀನು ಆಗುತ್ತಿರಲಿಲ್ಲ. ಕೆಲವರು ಇಲ್ಲಿ ಹುಟ್ಟಿದ ಮಕ್ಕಳ ಹೆಸರಿಗೆ ಜಮೀನು ಬರೆಸಿದರು. ಒಂದೇ ಅಡುಗೆಮನೆಯಲ್ಲಿ ನಮ್ಮ ರೊಟ್ಟಿಯೂ ಮೆಕ್ಸಿಕನ್ನರ ರೊಟ್ಟಿ ಟಾರ್ಟಿಯಾವೂ ಬೇಯುತ್ತಿದ್ದ ಆ ಮನೆಗಳ ಬಗ್ಗೆ ನಮ್ಮ ಮಕ್ಕಳಿಗೆ ಹೇಳಬೇಕು. ಅವರೂ ನಾವೂ ದೂರದವರು ಅನ್ನುವುದು ಈಚಿನ ಮಾತು.

ಹೊಲದ ಕೆಲಸದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು, ಯಾಕೆಂದರೆ ಮೆಕ್ಸಿಕನ್ ಬಡತನದ ಬೇರು ಅಲ್ಲಿದೆ. 1935ರ ಕಾರ್ಮಿಕ ಸಂಘಗಳ ಕಾನೂನು, 1938ರ ಕನಿಷ್ಠ ಕೂಲಿ ಮತ್ತು ಓವರ್‌ಟೈಮ್ ಕಾನೂನು, ಎರಡೂ ಅಮೆರಿಕದ ಮಧ್ಯಮ ವರ್ಗವನ್ನು ಕಟ್ಟಿದವು. ಎರಡರಿಂದಲೂ ಹೊಲದ ಕೂಲಿಗಳನ್ನು ಹೊರಗಿಟ್ಟರು. ದಕ್ಷಿಣದಲ್ಲಿ ಆ ಕೂಲಿಗಳು ಕಪ್ಪು ಜನ, ಇಲ್ಲಿ ಪಶ್ಚಿಮದಲ್ಲಿ ಮೆಕ್ಸಿಕನ್ನರು ಮತ್ತು ಫಿಲಿಪಿನೋಗಳು. 1942ರಿಂದ 1964ರವರೆಗೆ ಬ್ರಸೆರೋ ಎಂಬ ಯೋಜನೆಯಲ್ಲಿ ಮೆಕ್ಸಿಕೋದಿಂದ ಕೂಲಿಗಳನ್ನು ತರಿಸಿದರು. ಒಟ್ಟು 46 ಲಕ್ಷದಷ್ಟು ಕರಾರುಗಳು. ಗಡಿಯಲ್ಲಿ ಬಟ್ಟೆ ಬಿಚ್ಚಿಸಿ ಡಿಡಿಟಿ ಪುಡಿ ಹೊಡೆದು ಒಳಗೆ ಬಿಡುತ್ತಿದ್ದರು. ಮೊದಲ ವರ್ಷಗಳಲ್ಲಿ ಕೂಲಿಯ ಹತ್ತನೇ ಒಂದು ಭಾಗ ಉಳಿತಾಯ ಅಂತ ಹಿಡಿದುಕೊಂಡರು. ಎಷ್ಟೋ ಜನರಿಗೆ ಅದು ವಾಪಸ್ ಬರಲೇ ಇಲ್ಲ.

ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆ ದಕ್ಷಿಣಕ್ಕೆ ಹೋದರೆ ಸಲೀನಾಸ್. ದೇಶದ ಲೆಟ್ಯೂಸ್ ಸೊಪ್ಪು ಬಹಳಷ್ಟು ಅಲ್ಲಿಯದು. ಅಲ್ಲಿ ಹಿಂದೆ ಗಿಡ್ಡ ಹಿಡಿಯ ಗುದ್ದಲಿ ಬಳಸುತ್ತಿದ್ದರು, ಅದಕ್ಕೆ ಎಲ್ ಕೊರ್ತಿತೊ ಅಂತ ಹೆಸರು. ಅದನ್ನು ಹಿಡಿದು ಕೆಲಸ ಮಾಡಲು ದಿನವಿಡೀ ಸೊಂಟ ಬಗ್ಗಿಸಿಯೇ ಇರಬೇಕು. ಯಾರಾದರೂ ನೆಟ್ಟಗೆ ನಿಂತರೆ ಮೇಸ್ತ್ರಿಗೆ ದೂರದಿಂದಲೇ ಗೊತ್ತಾಗುತ್ತದೆ. ಸೊಂಟ ಹಾಳಾದ ಕೂಲಿಗಳು, ಅವರ ಪರ ನಿಂತ ವಕೀಲರು ಹೋರಾಡಿ 1975ರಲ್ಲಿ ಅದನ್ನು ಕ್ಯಾಲಿಫೋರ್ನಿಯಾದಲ್ಲಿ ನಿಲ್ಲಿಸಿದರು. ಅದಕ್ಕೆ ಹತ್ತು ವರ್ಷ ಮೊದಲು ಡೆಲಾನೋದಲ್ಲಿ ದ್ರಾಕ್ಷಿ ತೋಟದ ಮುಷ್ಕರ ನಡೆದಿತ್ತು. ಶುರು ಮಾಡಿದ್ದು ಲ್ಯಾರಿ ಇಟ್ಲಿಯಾಂಗ್ ಜೊತೆಗಿದ್ದ ಫಿಲಿಪಿನೋ ಕೂಲಿಗಳು. ಸುಮಾರು ಒಂದು ವಾರದಲ್ಲಿ ಸೀಸರ್ ಚಾವೆಜ್, ಡೊಲೋರೆಸ್ ವೆರ್ತಾ ಅವರ ಮೆಕ್ಸಿಕನ್ ಸಂಘ ಸೇರಿಕೊಂಡಿತು. ಕರಾರು ಸಿಗಲು 1970 ಬರಬೇಕಾಯಿತು. ದಿನಕ್ಕೆ 8 ಗಂಟೆ ಮೀರಿದರೆ ಓವರ್‌ಟೈಮ್ ಅನ್ನುವ ನಿಯಮ ಹೊಲದವರಿಗೂ ಅನ್ವಯಿಸುವ ಕಾನೂನು ಇಲ್ಲಿ ಬಂದದ್ದು 2016ರಲ್ಲಿ. ಕೇಂದ್ರದ ಕಾನೂನಿನಲ್ಲಿ ಇವತ್ತಿಗೂ ಇಲ್ಲ.

ಹೊಲ ಬಿಟ್ಟು ಊರಿಗೆ ಬಂದರೂ ಸಿಕ್ಕಿದ್ದು ಅಪಾಯದ ಕೆಲಸವೇ. 2022ರಲ್ಲಿ ಕೆಲಸದ ಜಾಗದಲ್ಲಿ ಸತ್ತ ಹಿಸ್ಪ್ಯಾನಿಕ್ ಕೆಲಸಗಾರರು 1,248. ಲಕ್ಷಕ್ಕೆ 4.6 ಮಂದಿ, ದೇಶದ ಸರಾಸರಿ 3.7. ಎಲ್ಲ ಗುಂಪುಗಳಲ್ಲಿ ಇವರದ್ದೇ ಜಾಸ್ತಿ. 2024ರ ಮಾರ್ಚ್ 26ರ ನಡುರಾತ್ರಿ ಬಾಲ್ಟಿಮೋರ್‌ನಲ್ಲಿ ಡಾಲಿ ಎಂಬ ಹಡಗು ಡಿಕ್ಕಿ ಹೊಡೆದು ಸೇತುವೆ ಕುಸಿಯಿತು. ಹಡಗಿನ ಸಿಬ್ಬಂದಿಯಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಭಾರತೀಯರು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ನಮ್ಮವರು ಕ್ಷೇಮ ಅನ್ನುವ ಸಂದೇಶಗಳು ಓಡಾಡಿದವು. ಆ ಹೊತ್ತಿನಲ್ಲಿ ಸೇತುವೆ ಮೇಲೆ ರಸ್ತೆಯ ಗುಂಡಿ ಮುಚ್ಚುತ್ತಿದ್ದ ಆರು ಜನ ನೀರಿಗೆ ಬಿದ್ದು ಸತ್ತರು. ಮೆಕ್ಸಿಕೋ, ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್‌ನಿಂದ ಬಂದವರು. ಇತ್ತ ಹಡಗಿನ ನಮ್ಮ ಹುಡುಗರೂ ತಿಂಗಳುಗಟ್ಟಲೆ ನೆಲಕ್ಕೆ ಇಳಿಯಲಾಗದೆ ಅಲ್ಲೇ ಉಳಿದರು. ಆ ರಾತ್ರಿ ಎರಡೂ ಕಡೆ ಇದ್ದವರು ಊರಿಗೆ ದುಡ್ಡು ಕಳಿಸಲು ದುಡಿಯುತ್ತಿದ್ದವರೇ.

ಕಪ್ಪು ಅಮೆರಿಕನ್ನರ ಜೊತೆಗಿನ ಹೋಲಿಕೆಯಲ್ಲಿ ನಾನು ಹುಷಾರಾಗಿರುತ್ತೇನೆ. ದೆಹಲಿಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು ತೆರಿಗೆಯ ದಾಖಲೆ ಹಿಡಿದು ಒಂದು ತಲೆಮಾರಿನ ಮಕ್ಕಳು ಎಲ್ಲಿಗೆ ಮುಟ್ಟಿದರು ಅಂತ ನೋಡಿದರು. ಹಿಸ್ಪ್ಯಾನಿಕ್ ಮಕ್ಕಳು ಅಪ್ಪ ಅಮ್ಮಂದಿರಿಗಿಂತ ಮೇಲೆ ಹೋಗುತ್ತಿದ್ದಾರೆ, ಬಿಳಿಯರ ಹತ್ತಿರ ಹತ್ತಿರ ಬರುತ್ತಿದ್ದಾರೆ. ಕಪ್ಪು ಮಕ್ಕಳಿಗೆ, ಅದರಲ್ಲೂ ಹುಡುಗರಿಗೆ, ಹಾಗಾಗುತ್ತಿಲ್ಲ. ಅನುಕೂಲಸ್ಥರ ಮನೆಯಲ್ಲಿ, ಒಳ್ಳೆಯ ಬೀದಿಯಲ್ಲಿ ಬೆಳೆದರೂ ಪಕ್ಕದ ಮನೆಯ ಬಿಳಿ ಹುಡುಗನಿಗಿಂತ ಹಿಂದೆ ಬೀಳುತ್ತಾರೆ. ಮೂಲನಿವಾಸಿಗಳ ಮಕ್ಕಳ ಕಥೆಯೂ ಅದೇ. ಇದನ್ನು ಕೇಳಿ "ನೋಡಿ, ಮೆಕ್ಸಿಕನ್ನರೂ ಮೇಲೆ ಬಂದರು, ಕಪ್ಪು ಜನ ಯಾಕಿಲ್ಲ" ಅಂತ ಶುರು ಮಾಡುವವರಿದ್ದಾರೆ. ಗುಲಾಮಗಿರಿ, ಆಮೇಲೆ ನೂರು ವರ್ಷದ ಬೇರ್ಪಡಿಕೆ, ಸಾಲ ಕೊಡದ ಬ್ಯಾಂಕು, ಜೈಲು ಇವೆಲ್ಲ ಇನ್ನೊಂದು ಬಗೆಯ ಗೋಡೆ. ಒಬ್ಬರನ್ನು ಹೊಡೆಯಲು ಇನ್ನೊಬ್ಬರನ್ನು ಕೋಲು ಮಾಡುವ ಕೆಲಸಕ್ಕೆ ನಮ್ಮನ್ನೂ ಬಹಳ ಕಾಲದಿಂದ ಬಳಸಿದ್ದಾರೆ.

ಮೇಲೆ ಬಂದದ್ದು ಉಳಿಯುತ್ತದೆ ಅಂತಲೂ ಇಲ್ಲ. 2005ರ ಹೊತ್ತಿಗೆ ಹಿಸ್ಪ್ಯಾನಿಕ್ ಕುಟುಂಬಗಳು ಹುರುಪಿನಿಂದ ಮನೆ ಕೊಳ್ಳುತ್ತಿದ್ದವು. ಇದ್ದದ್ದೆಲ್ಲ ಮನೆಗೇ ಹಾಕಿದ್ದರು. ಕ್ಯಾಲಿಫೋರ್ನಿಯಾ, ಫ್ಲೋರಿಡಾ, ನೆವಾಡಾ, ಆರಿಜೋನಾದಲ್ಲಿ ಮನೆ ಬೆಲೆ ಕುಸಿದಾಗ, 2009ರ ಹೊತ್ತಿಗೆ ಅವರ ಮಧ್ಯಮ ಆಸ್ತಿ ಶೇ. 66ರಷ್ಟು ಕರಗಿತು. ಬಿಳಿಯರದ್ದು ಇಳಿದದ್ದು ಶೇ. 16.

ಶಾಲೆಯ ವಿಷಯದಲ್ಲಿ ಮಾತ್ರ ಮನಸ್ಸಿಗೆ ಖುಷಿಯಾಗುವ ಸುದ್ದಿ ಇದೆ. 2000ದಲ್ಲಿ ಹಿಸ್ಪ್ಯಾನಿಕ್ ಯುವಕ ಯುವತಿಯರಲ್ಲಿ ಹೈಸ್ಕೂಲ್ ಮುಗಿಸದೆ ಬಿಟ್ಟವರು ಶೇ. 28ರ ಹತ್ತಿರ. 2021ಕ್ಕೆ ಅದು ಶೇ. 8ಕ್ಕೆ ಇಳಿದಿತ್ತು. ಎಂಟು ವರ್ಷದ ಮಗು ಅಮ್ಮನ ಜೊತೆ ಆಸ್ಪತ್ರೆಗೆ, ಬ್ಯಾಂಕಿಗೆ, ಸ್ಕೂಲ್ ಮೀಟಿಂಗಿಗೆ ಹೋಗಿ ಇಂಗ್ಲಿಷನ್ನು ಸ್ಪ್ಯಾನಿಷಿಗೆ ತಿರುಗಿಸಿ ಹೇಳುವುದನ್ನು ನಾನು ನೋಡಿದ್ದೇನೆ. ಆ ಮಕ್ಕಳೇ ಇವತ್ತು ನರ್ಸು, ಟೀಚರು, ಅಕೌಂಟೆಂಟು ಆಗಿದ್ದಾರೆ.

ಇನ್ನೊಂದು ಸಂಗತಿ. ಆದಾಯ ಕಡಿಮೆ, ಆರೋಗ್ಯ ವಿಮೆ ಇಲ್ಲದವರು ಜಾಸ್ತಿ, ಆದರೂ ಹಿಸ್ಪ್ಯಾನಿಕ್ ಜನ ಬಿಳಿಯರಿಗಿಂತ ಜಾಸ್ತಿ ಬದುಕುತ್ತಾರೆ. 2019ರಲ್ಲಿ ಅವರ ಸರಾಸರಿ ಆಯಸ್ಸು 81.9, ಬಿಳಿಯರದ್ದು 78.8. ಸಿಗರೇಟು ಕಡಿಮೆ, ಗಟ್ಟಿಮುಟ್ಟಾದವರೇ ವಲಸೆ ಬರುವುದು, ಮನೆಯವರ ಆಸರೆ, ಹೀಗೆ ಕಾರಣ ಹೇಳುತ್ತಾರೆ. ಕೋವಿಡ್ ಬಂದ ಒಂದೇ ವರ್ಷದಲ್ಲಿ ಅದರಲ್ಲಿ ಸುಮಾರು 4 ವರ್ಷ ಹೋಯಿತು. ನಾವು ಮನೆಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದಿದ್ದಾಗ ಮಾಂಸದ ಕಾರ್ಖಾನೆಯಲ್ಲಿ, ಹೊಲದಲ್ಲಿ, ದಿನಸಿ ಗೋದಾಮಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತವರು ಅವರು. ನಮ್ಮ ಮನೆ ಬಾಗಿಲಿಗೆ ತರಕಾರಿ ಬಂದದ್ದು ಹಾಗೆ.

ಈಗ ಕಾಗದದ ಪ್ರಶ್ನೆ ನಮ್ಮವರ ಮನೆಯೊಳಗೂ ಬಂದಿದೆ. ಸಮೀಕ್ಷೆ ನಡೆಸುವ ಪ್ಯೂ ಸಂಸ್ಥೆಯ ಅಂದಾಜಿನಲ್ಲಿ 2021ರಲ್ಲಿ ದಾಖಲೆ ಇಲ್ಲದೆ ಇಲ್ಲಿದ್ದ ಭಾರತೀಯರು ಏಳು ಲಕ್ಷಕ್ಕೂ ಜಾಸ್ತಿ, ಮೆಕ್ಸಿಕೋ ಮತ್ತು ಎಲ್ ಸಾಲ್ವಡಾರ್ ಬಿಟ್ಟರೆ ಮೂರನೆಯವರು. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಕೈಕಾಲಿಗೆ ಕೋಳ ಹಾಕಿ ಅಮೃತಸರಕ್ಕೆ ತಂದಿಳಿಸಿತು. ಎಚ್-1ಬಿಯಲ್ಲಿರುವ ನಮ್ಮ ಸ್ನೇಹಿತರು ಗ್ರೀನ್ ಕಾರ್ಡ್ ಸಾಲಿನಲ್ಲಿ ಹತ್ತು ಹದಿನೈದು ವರ್ಷದಿಂದ ನಿಂತಿದ್ದಾರೆ. ಎರಡನೇ ವಯಸ್ಸಿಗೆ ಕರೆತಂದ ಮಗಳಿಗೆ 21 ತುಂಬಿದರೆ ಅಪ್ಪನ ವೀಸಾ ಅವಳಿಗೆ ನಡೆಯುವುದಿಲ್ಲ. ಗಡೀಪಾರಾಗದಂತೆ 2012ರಲ್ಲಿ ಒಬಾಮಾ ತಂದ ಡಾಕಾ (DACA) ರಕ್ಷಣೆಯೂ ಅವಳಿಗಿಲ್ಲ, ಅದು ದಾಖಲೆ ಇಲ್ಲದೆ ಬೆಳೆದ ಮಕ್ಕಳಿಗೆ ಮಾತ್ರ. ಆ ಮಕ್ಕಳಿಗಾದರೂ ಸಿಕ್ಕಿದ್ದು ಎರಡು ವರ್ಷಕ್ಕೊಮ್ಮೆ ನವೀಕರಿಸುವ ಪರ್ಮಿಟ್ ಅಷ್ಟೇ.

1986ರಲ್ಲಿ ರೇಗನ್ ಸಹಿ ಹಾಕಿದ ಕಾನೂನಿನಿಂದ 27 ಲಕ್ಷದಷ್ಟು ಜನ ಸಕ್ರಮವಾದರು. ಆಮೇಲೆ ಅಷ್ಟು ದೊಡ್ಡದು ಏನೂ ಆಗಿಲ್ಲ. 2013ರಲ್ಲಿ ಸೆನೆಟ್ 68-32 ಮತಗಳಿಂದ ಒಂದು ಮಸೂದೆ ಪಾಸು ಮಾಡಿತು. ದಾಖಲೆ ಇಲ್ಲದ ಲಕ್ಷಾಂತರ ಜನರಿಗೆ ಪೌರತ್ವದ ದಾರಿ ಅದರಲ್ಲಿತ್ತು. ಅದೇ ಮಸೂದೆ ಕೆಲಸದ ಗ್ರೀನ್ ಕಾರ್ಡ್‌ಗೆ ಇರುವ ದೇಶವಾರು ಮಿತಿಯನ್ನೂ ತೆಗೆಯುತ್ತಿತ್ತು, ಅಂದರೆ ನಮ್ಮವರ ಸಾಲನ್ನೂ ಕರಗಿಸುತ್ತಿತ್ತು. ಕೆಳಮನೆ ಅದನ್ನು ಚರ್ಚೆಗೂ ತೆಗೆದುಕೊಳ್ಳಲಿಲ್ಲ. ಆಗ ನಮ್ಮ ಬಳಗದಲ್ಲಿ ಆ ಮಸೂದೆ ಬೇಡ ಅಂದವರಿದ್ದರು. ನಾವು ಸಾಲಿನಲ್ಲಿ ನಿಂತವರು, ಸಾಲು ತಪ್ಪಿಸಿ ಬಂದವರಿಗೆ ಯಾಕೆ ಕೊಡಬೇಕು ಅನ್ನುವುದು ಅವರ ವಾದ. ಅವರಲ್ಲಿ ಕೆಲವರು ಇನ್ನೂ ಅದೇ ಸಾಲಿನಲ್ಲಿದ್ದಾರೆ.